ಗುಣಮಟ್ಟ ನಿಯಂತ್ರಣದ ಹದಿಮೂರು ಸಂಪುಟಗಳು

ಐವತ್ತೆರಡು ವರ್ಷದ ಗಂಡಸು, ಅದರಲ್ಲೂ ಸೋಯಾ ಸಾಸ್ ಕಾರ್ಖಾನೆಯ ಪ್ರಯೋಗಾಲಯದ ಮುಖ್ಯಸ್ಥ, ಹೈಸ್ಕೂಲು ಹುಡುಗರಿಗೆಂದು ಬರೆದ ಕಾದಂಬರಿ ಮಾಲೆ ಓದಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ತೊಮೊನೊರಿ ಅದನ್ನು ಕದ್ದೇ ಓದುತ್ತಿದ್ದ. ಅದಕ್ಕೆ ಅನುಕೂಲವೂ ಇತ್ತು. ಅವನ ಊರಾದ ತಾತ್ಸುನೊದ ಪುಸ್ತಕದಂಗಡಿಯಲ್ಲಿ ಏನು ಕೊಂಡರೂ ಕಂದು ಕಾಗದದ ಹೊದಿಕೆ ಹಾಕಿ ಕೊಡುತ್ತಾರೆ. ರೈಲಿನಲ್ಲಿ ಎದುರು ಕೂತವನಿಗೆ ನೀವು ಓದುತ್ತಿರುವುದು ತತ್ತ್ವಶಾಸ್ತ್ರವೋ ಅಡುಗೆ ಪುಸ್ತಕವೋ ತಿಳಿಯುವುದಿಲ್ಲ. ಹೀಗೆ ಅವನ ಕಪಾಟಿನಲ್ಲಿ ಹದಿಮೂರು ಸಂಪುಟಗಳು ನಿಂತಿದ್ದವು. ಒಳಗೆ ವೀರರನ್ನು ತಯಾರಿಸುವ ಶಾಲೆ, ಕತ್ತಿ ಹಿಡಿದ ಹುಡುಗಿಯರು, ಪ್ರತಿ ಪರೀಕ್ಷೆಯಲ್ಲೂ ನಪಾಸಾಗುವ ನಾಯಕ. ಹೊರಗೆ ಅವನದೇ ದುಂಡು ಅಕ್ಷರದಲ್ಲಿ "ಗುಣಮಟ್ಟ ನಿಯಂತ್ರಣ", ೧ರಿಂದ ೧೩.

(ಇದನ್ನು ಅವನು ಬುದ್ಧಿವಂತಿಕೆ ಎಂದು ತಿಳಿದಿದ್ದ.)

ಎಡವಿದ್ದು ಮಂಗಳವಾರ ಊಟದ ಹೊತ್ತಿಗೆ. ಹದಿನಾಲ್ಕನೆಯದು ಶುಕ್ರವಾರ ಬರುವುದಿತ್ತು; ಅದನ್ನು ಕೊಳ್ಳಬೇಕೆಂದು ಬಾಯಿಬಿಟ್ಟ.

"ಮತ್ತೆ ಪುಸ್ತಕವಾ?" ಎಂದಳು ಹೆಂಡತಿ ಚಿಜುರು. "ಇರೋ ಹದಿಮೂರು ಸಾಲದಾ?"

"ನಿಯಮ ಎಲ್ಲಾ ಬದಲಾಗಿದೆ ಕಣೇ. ಹಳೇದು ಈಗ ನಡೆಯಲ್ಲ."

ಚಿಜುರು "ಸರಿ" ಎಂದು ಮೂಲಂಗಿ ಉಪ್ಪಿನಕಾಯಿ ಮುಂದೆ ತಳ್ಳಿದಳು.

ಬುಧವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಟೈ ಕಟ್ಟಿಕೊಳ್ಳುತ್ತ ನೋಡಿದರೆ ಕಪಾಟು ಖಾಲಿ.

"ನನ್ನ ಪುಸ್ತಕ?"

"ಇವತ್ತು ಲಾರಿ ಹಳೇ ಕಾಗದ ಒಯ್ಯೋ ದಿನ ಅಲ್ವೇನ್ರೀ? ನಡೆಯದೇ ಇರೋದನ್ನ ಇಟ್ಕೊಂಡು ಏನ್ ಮಾಡೋದು? ದಾರ ಕಟ್ಟಿ ಮೂಲೇಲಿ ಇಟ್ಟು ಬಂದೆ. ಉದ್ದಕ್ಕೊಂದು ಸುತ್ತು, ಅಡ್ಡಕ್ಕೊಂದು ಸುತ್ತು, ನೀವು ಹೇಳಿಕೊಟ್ಟ ಹಾಗೇ."

ಲಾರಿ ಎಂಟಕ್ಕೆ ಬರುತ್ತದೆ. ಎಂಟು ಅಂದರೆ ಎಂಟೇ. ತೊಮೊನೊರಿ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ ಸಿಕ್ಕಿಸಿ ಬೀದಿಯ ಮೂಲೆಗೆ ಓಡಿದ. ಕಟ್ಟುಗಳ ಪಕ್ಕದಲ್ಲಿ, ಈ ವಾರ ಕಾವಲಿನ ಸರದಿಯಿದ್ದ ನೆರೆಮನೆಯ ನುಮಾತಾ-ಸಾನ್ ತೋಳಿಗೆ ಪಟ್ಟಿ ಕಟ್ಟಿಕೊಂಡು ದಂಡನಾಯಕಿಯಂತೆ ನಿಂತಿದ್ದರು.

"ಅದು ನಮ್ಮದು. ವಾಪಸ್ ತಗೋತೀನಿ."

"ಇಟ್ಟದ್ದನ್ನ ಎತ್ತೋ ಹಾಗಿಲ್ಲ. ಕಾಗದ ಕದಿಯೋರು ಜಾಸ್ತಿಯಾದ್ರು ಅಂತ ಆ ನಿಯಮ ಬರೆದು ಅಂಟಿಸಿದೋರು ನೀವೇ."

ನಿಜ. ಮೂರನೆಯ ಕಲಮು.

"ನಿಮ್ಮದೇ ಆದ್ರೆ ಒಳಗೇನಿದೆ ಹೇಳಿ. ಬಿಚ್ಚಿ ನೋಡಿ ಕೊಡ್ತೀನಿ."

ಅಷ್ಟರಲ್ಲಿ ಇನ್ನೊಂದು ಬೂಟು ಹಿಡಿದು ಚಿಜುರೂ ಬಂದಳು. ಅಕ್ಕಪಕ್ಕದವರೂ ನಿಂತರು. ತಿರುವಿನಲ್ಲಿ ಲಾರಿಯ ಹಾಡು ಕೇಳಿಸಿತು. ಮೂವತ್ತು ವರ್ಷದ ಘನತೆ ಒಂದು ಕಡೆ, ಹದಿಮೂರು ಸಂಪುಟ ಇನ್ನೊಂದು ಕಡೆ. ತಕ್ಕಡಿ ತೂಗಾಡಲೂ ಇಲ್ಲ.

"ವೀರರ ಶಾಲೆಯ ಕಥೆ," ಎಂದ, ತೀರ ಸಣ್ಣ ದನಿಯಲ್ಲಿ. "ಮೂರನೇದರಲ್ಲಿ ಡ್ರ್ಯಾಗನ್ನು ಗಣಿತದ ಮೇಷ್ಟ್ರಾಗಿ ಕೆಲಸಕ್ಕೆ ಸೇರುತ್ತೆ."

ನುಮಾತಾ-ಸಾನ್ ಮೂರನೆಯದರ ಹೊದಿಕೆ ಬಿಚ್ಚಿ ಪುಟ ತಿರುವಿದರು. ಲಾರಿಯವನೂ ಇಳಿದು ಬಂದು ಇಣುಕಿದ.

"ಹೌದು, ಡ್ರ್ಯಾಗನ್ನು ಗಣಿತದ ಮೇಷ್ಟ್ರೇ," ಎಂದು ಗಂಭೀರವಾಗಿ ದೃಢಪಡಿಸಿ ಅವರು ಕಟ್ಟು ಒಪ್ಪಿಸಿದರು.

ಮನೆಯ ಬಾಗಿಲಲ್ಲಿ ಚಿಜುರು ಅವನ ಬೂಟು ಕೆಳಗಿಟ್ಟಳು. ಆಮೇಲೆ ಕೇಳಿದಳು: "ಡ್ರ್ಯಾಗನ್ನು ಪಾಠ ಚೆನ್ನಾಗಿ ಮಾಡುತ್ತಾ?"

"ಪರವಾಗಿಲ್ಲ. ಕೋಪ ಸ್ವಲ್ಪ ಜಾಸ್ತಿ."

"ಒಂದನೇದು ಕೊಡಿ ಇಲ್ಲಿ."

ಶುಕ್ರವಾರ ಸಂಜೆ ಅವನು ಹದಿನಾಲ್ಕನೆಯದನ್ನು ಹೊದಿಕೆಯೇ ಇಲ್ಲದೆ, ಎದೆಯುಬ್ಬಿಸಿಕೊಂಡು ತಂದ. ಚಿಜುರು ಬಾಗಿಲಲ್ಲೇ ಕಿತ್ತುಕೊಂಡಳು. ಮೂರು ದಿನದಲ್ಲಿ ಹದಿಮೂರೂ ಮುಗಿಸಿದ್ದಳು. (ಆ ಮೂರು ದಿನವೂ ಮನೆಯಲ್ಲಿ ಅಂಗಡಿಯ ಡಬ್ಬಿ ಊಟ.)

"ನಾನಿನ್ನೂ ಓದಿಲ್ಲ ಕಣೇ!"

"ನಾನೂ ಓದಿಲ್ಲ. ಮಧ್ಯಾಹ್ನದಿಂದ ಕಾಯ್ತಿದ್ದೀನಿ. ನೀವು ಅಕ್ಕಿ ತೊಳೀರಿ."

ಅಡುಗೆಮನೆಯಿಂದ ಅವನು ಕೂಗಿದ: "ಹುಡುಗ ಈ ಸಲವಾದ್ರೂ ಪಾಸಾದನಾ?"

ಒಳಗಿಂದ "ಅಯ್ಯೋ!" ಎಂಬ ಉದ್ಗಾರ ಬಂತು.

"ಏನಾಯ್ತೇ?"

"ಅಕ್ಕಿ ಎಷ್ಟು ಸಲ ತೊಳೆದ್ರಿ?"

"ಎರಡು."

"ಇನ್ನೂ ಮೂರು ಸಲ ತೊಳೀರಿ. ಈ ಅಧ್ಯಾಯ ಸ್ವಲ್ಪ ಉದ್ದ ಇದೆ."