ಹೆಸರು ಮುಗಿದರೆ ಏಳುವ ದೊಡ್ಡಜ್ಜಿ

ಮಕ್ಕಳೇ, ದೊಡ್ಡಬಳ್ಳಾಪುರದಲ್ಲಿ ನಿಮ್ಮ ದೊಡ್ಡಜ್ಜಿಯಷ್ಟು ಸಿನಿಮಾಗಳಿಗೆ ಹೋದವರು ಯಾರೂ ಇಲ್ಲ. ಒಂದನ್ನೂ ಪೂರ್ತಿ ನೋಡದವರೂ ಅವರೊಬ್ಬರೇ!

ನನ್ನ ಈ ವಾರಗಿತ್ತಿಗೆ ಸಿನಿಮಾ ಎಂದರೆ ಶುರುವಿನಲ್ಲಿ ಹೆಸರುಗಳು ಬರುವವರೆಗೆ. ಕೊನೆಯ ಹೆಸರು ಮರೆಯಾಯಿತೋ, ಸೆರಗು ಕೊಡವಿ ಎದ್ದುಬಿಡುತ್ತಾರೆ. ಅಷ್ಟರಲ್ಲೇ ಅವರಿಗೆ ಕಥೆಯೆಲ್ಲ ತಿಳಿದಿರುತ್ತದೆ. ಅವರು ಹೇಳುವ ಕಥೆಗೂ ಪರದೆಯ ಕಥೆಗೂ ಇವತ್ತಿನವರೆಗೆ ನೆಂಟಸ್ತಿಕೆ ಬೆಳೆದಿಲ್ಲ, ಅದು ಬೇರೆ ಮಾತು. ಬೀಗರ ಮನೆಯಲ್ಲಿ ಮದುವೆ ವಿಡಿಯೋ ಹಾಕಿದಾಗಲೂ ಅಷ್ಟೆ. ಗುಲಾಬಿ ಹೂಗಳ ನಡುವೆ ಹುಡುಗ ಹುಡುಗಿಯ ಹೆಸರು ಗಿರಗಿರ ತಿರುಗಿ ನಿಂತಿತು, ಇವರು ಎದ್ದರು.

"ಯಾಕಕ್ಕಾ, ತಾಳಿ ಕಟ್ಟೋದು ನೋಡಲ್ವಾ?" ಎಂದು ಬೀಗಿತ್ತಿ ಗಾಬರಿಯಾದರು.

"ಕಟ್ಟಿರ್ತಾನೆ ಬಿಡಿ. ಕಟ್ಟದಿದ್ರೆ ನೀವು ವಿಡಿಯೋ ಹಾಕ್ತಿದ್ರಾ?"

ಇವರನ್ನು ಒಂದು ಸಿನಿಮಾಕ್ಕಾದರೂ ಕೊನೆಯವರೆಗೆ ಕೂರಿಸಬೇಕೆಂಬುದು ನನ್ನ ಬಹಳ ವರ್ಷದ ಆಸೆ. ಅದಕ್ಕೇ ಹೋದ ಭಾನುವಾರ ನಿಮ್ಮಲ್ಲಿ ದೊಡ್ಡವಳಿಗೆ ಹೇಳಿ ಟಿವಿಯಲ್ಲಿ ಒಂದು ಹಾಕಿಸಿದೆ. ಪುಟ್ಟ ಹುಡುಗಿಯೊಬ್ಬಳು ಬೆಳೆದು ದೊಡ್ಡವಳಾಗುವ ಕಥೆ.

"ಈ ಹೆಸರೆಲ್ಲ ಓಡಿಸ್ಬಿಡ್ಲಾ ದೊಡ್ಡಜ್ಜಿ?" ಎಂದಳು ಅವಳು.

"ಎಲೆಗೆ ಉಪ್ಪು ಬಡಿಸೋವಾಗ ಯಾರಾದ್ರೂ ಕೈ ಅಡ್ಡ ಹಿಡೀತಾರೇನೇ?"

ಟಿವಿಯಲ್ಲಿ ತಂತಿಯ ಮೇಲೆ ಪುಟ್ಟ ಲಂಗವೊಂದು ಒಣಗುತ್ತಿತ್ತು. ಹೆಸರುಗಳು ಬಂದು ಹೋದ ಹಾಗೆಲ್ಲ ಲಂಗ ಉದ್ದವಾಗುತ್ತಾ ಬಂತು. ಕೊನೆಗೆ ಅದೇ ಜಾಗದಲ್ಲಿ ಒಂದು ಸೀರೆ. ನನಗಂತೂ ಕಣ್ಣು ತುಂಬಿತು. ದೊಡ್ಡಜ್ಜಿ ಮಾತ್ರ "ನಿಲ್ಸು, ಹಿಂದಕ್ಕೆ ಹಾಕು" ಎಂದು ಟಿವಿಯ ಹತ್ತಿರ ಹೋಗಿ ಲಂಗದ ಅಂಚಿಗೆ ಬೆರಳಿಟ್ಟರು.

"ಮಡಿಕೆ ಬಿಚ್ಚಿದ ಗೆರೆ ಎಲ್ಲೇ?"

"ಯಾವ ಗೆರೆ?"

"ಲಂಗದ ಕೆಳಗೆ ಮಡಿಚಿ ಹೊಲಿದಿರ್ತಾರೆ. ಹುಡುಗಿ ಬೆಳೆದಂಗೆಲ್ಲ ಬಿಚ್ತಾರೆ. ಬಿಚ್ಚಿದ ಕಡೆ ಬಣ್ಣ ಹೊಸದಾಗಿ ಕಾಣ್ತದೆ. ಇಲ್ಲಿ ಇಲ್ವೇ ಇಲ್ಲ, ಪ್ರತಿ ಸಲ ಹೊಸ ಲಂಗ ಹೊಲಿಸವ್ರೆ. ದರ್ಜಿ ಆಸೆಬುರುಕ. ಅವನೇ ನೋಡು ವಿಲನ್ನು."

"ದೊಡ್ಡಜ್ಜಿ, ನಾನು ಈ ಸಿನಿಮಾ ನೋಡಿದೀನಿ. ಇದರಲ್ಲಿ ದರ್ಜಿನೇ ಇಲ್ಲ."

"ಅಷ್ಟು ಬಟ್ಟೆ ಹೊಲಿದೋನ್ನ ಕೈ ಬಿಟ್ಟವ್ರಾ? ಅನ್ಯಾಯ."

ಕೊನೆಯ ಹೆಸರು ಹೋಯಿತು. ಅವರು ಸೆರಗು ಕೊಡವಿದರು. ನೀವೆಲ್ಲ ನಕ್ಕಿರಿ. ನನಗೆ ನಗು ಬರಲಿಲ್ಲ.

ನಾನು ಈ ಮನೆಗೆ ಬಂದ ಹೊಸದರಲ್ಲಿ ನನಗೆ ಸಿನಿಮಾ ಹುಚ್ಚು. ನಿಮ್ಮ ತಾತ ಮಗ್ಗ ಬಿಟ್ಟು ಬರುತ್ತಿರಲಿಲ್ಲ. ಅಕ್ಕನೂ, ಅಂದರೆ ನಿಮ್ಮ ದೊಡ್ಡಜ್ಜಿಯೂ, ನಾನೂ ಹೋಗುತ್ತಿದ್ದೆವು, ನಿಮ್ಮಪ್ಪ ಕೈಗೂಸು. ಮಗ್ಗದ ಮನೆಯ ಕೂಸಲ್ಲವೇ, ಸದ್ದಿದ್ದರೆ ನಿದ್ದೆ, ಸದ್ದು ನಿಂತರೆ ಅಳು. ಹೆಸರು ಬರುವಾಗ ಟಾಕೀಸು ಅದುರುವಂಥ ವಾದ್ಯ, ಹಾಯಾಗಿ ಮಲಗಿರುತ್ತಿದ್ದ. ವಾದ್ಯ ನಿಂತು ಹೀರೋಯಿನ್ ಮೆಲ್ಲಗೆ ಬಾಯಿ ತೆರೆದಳೋ, ಇವನೂ ತೆರೆಯುತ್ತಿದ್ದ. ನಾನು ಏಳುವ ಮೊದಲೇ ಅಕ್ಕ ಅವನನ್ನು ಎತ್ತಿಕೊಂಡು, "ನೀನು ನೋಡೇ, ನಂಗೆ ಕಥೆ ಗೊತ್ತಾಯ್ತು" ಎಂದು ಹೊರಟುಬಿಡುತ್ತಿದ್ದರು. ಪಕ್ಕದ ಬೀದಿಯಲ್ಲಿ ಯಾರದೋ ಮಗ್ಗದ ಮನೆಯ ಜಗುಲಿಯಲ್ಲಿ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸಿನಿಮಾ ಬಿಡುವವರೆಗೆ ಕೂತಿರುತ್ತಿದ್ದರು.

ಭಾನುವಾರ ನಾನು ಅವರ ಸೆರಗು ಹಿಡಿದುಕೊಂಡೆ.

"ಬಿಡೇ, ನಂಗೆ ಕಥೆ ಗೊತ್ತಾಯ್ತು."

ಪಕ್ಕದ ಮನೆಯ ಮಗ್ಗ ಓಡುತ್ತಲೇ ಇತ್ತು. ಕುರ್ಚಿಯಲ್ಲಿ ನಿಮ್ಮಪ್ಪ ನರೆತ ಮೀಸೆ ಅಲುಗುವಂತೆ ಗೊರಕೆ ಹೊಡೆಯುತ್ತಿದ್ದ.

"ಮಗು ಮಲಗೈತೆ ಅಕ್ಕ, ಕೂತ್ಕೊಳಿ" ಎಂದೆ.

ಅವರು ಅವನ ಕಡೆ ನೋಡಿದರು. ಮೆಲ್ಲಗೆ ಕೂತರು. ಆಮೇಲೆ ರಿಮೋಟು ಹಿಡಿದವಳಿಗೆ ಪಿಸುಮಾತಿನಲ್ಲಿ ಹೇಳಿದರು:

"ಸೌಂಡ್ ಕಮ್ಮಿ ಮಾಡ್ಬೇಡ ಕಣೇ, ಎದ್ಬಿಡ್ತಾನೆ."