ಗೌರಿಬಿದನೂರಿನ ದಾರಿಯಲ್ಲಿ ಮಾತ್ರ ಕುದಿಯುವ ಕಾರು

ಗಂಗರಾಜುವಿನ ಕಾರಿಗೆ ಅವನ ಅತ್ತೆಯ ಮನೆ ಕಂಡರೆ ಆಗುತ್ತಿರಲಿಲ್ಲ. ಇದು ಅವನು ಹೇಳಿದ ಮಾತಲ್ಲ. ಅತ್ತೆಯೇ, ಅಂದರೆ ಗೌರಿಬಿದನೂರಿನ ಅನಸೂಯಮ್ಮನವರೇ, ಫೋನಿನಲ್ಲಿ ಮಗಳಿಗೆ ಹೇಳಿದ ಮಾತು. ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ, ಅಕ್ಕ ಓಬಳಮ್ಮನ ಮನೆಗೆ ಹೊರಟರೆ ಆ ಕಾರು ಐಸ್‌ಕ್ರೀಂ ಗಾಡಿಯ ಹಾಗೆ ತಣ್ಣಗೆ ಹೋಗಿ ತಣ್ಣಗೆ ಬರುತ್ತಿತ್ತು. ಗೌರಿಬಿದನೂರಿನ ಕಡೆಗೆ ಮೂತಿ ತಿರುಗಿಸಿದರೆ ಮಾತ್ರ, ಮಂಚೇನಹಳ್ಳಿ ದಾಟುವುದರೊಳಗೆ ಬಿಸಿಯ ಸೂಜಿ ಕೆಂಪು ಗೆರೆ ಮುಟ್ಟಿ, ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಆವಿ ಏಳುತ್ತಿತ್ತು.

"ಅಕ್ಕನ ಮನೆಗಾದ್ರೆ ತಣ್ಣಗೆ ಹೋಗ್ತದೆ, ಅತ್ತೆ ಮನೆಗಾದ್ರೆ ಕುದೀತದೆ. ಅಲ್ಲುಡು ಕಾರಿಗೂ ಹೇಳ್ಕೊಟ್ಟವ್ನೆ ಬಿಡಮ್ಮ" ಎಂದು ಅನಸೂಯಮ್ಮ ಅಳಿಯನ ಮೇಲೆ ಅಂದದ್ದನ್ನು ಅಮೃತ ಒಂದಕ್ಷರ ಬಿಡದೆ ಗಂಡನಿಗೆ ತಲುಪಿಸಿದಳು. ತನ್ನ ಕಡೆಯಿಂದ ಏನನ್ನೂ ಸೇರಿಸಲಿಲ್ಲ. ಸೇರಿಸಿದ್ದರೆ ಗಂಗರಾಜು ನಾಲ್ಕು ಮಾತಾಡಿ ಹಗುರಾಗುತ್ತಿದ್ದ. ಅವಳು ವರದಿ ಒಪ್ಪಿಸಿ, ಹುರುಳಿಕಾಯಿಯ ನಾರು ತೆಗೆಯುತ್ತ ಕೂತುಬಿಟ್ಟಳು.

ಆ ಮೌನವೇ ಅವನನ್ನು ಸುಟ್ಟಿದ್ದು.

ಗಂಗರಾಜು ರೇಷ್ಮೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಶಿಡ್ಲಘಟ್ಟದ ಸುತ್ತಮುತ್ತ, ಆ ಕಡೆ ಸಾದಲಿಯವರೆಗೆ, ಹುಳು ಸಾಕುವ ಮನೆಗಳಿಗೆ ಹೋಗಿ, ಗೋಡೆಯ ಥರ್ಮಾಮೀಟರಿನ ಮುಂದೆ ಕೈಕಟ್ಟಿ ನಿಂತು, ಶಾಖ ಜಾಸ್ತಿಯಾಯಿತು, ಕಿಟಕಿಗೆ ಗೋಣಿಚೀಲ ನೆನೆಸಿ ಕಟ್ಟಿ ಎಂದು ಹೇಳುವುದು ಅವನ ಉದ್ಯೋಗ. ಹುಳುವಿನ ಮನೆಯ ಬಾಗಿಲಲ್ಲಿ ನಿಂತು ಮೂಗಿನಿಂದಲೇ ಒಳಗಿನ ಬಿಸಿ ಹೇಳಬಲ್ಲವನು ಎಂದು ತಾಲ್ಲೂಕಿನಲ್ಲಿ ಅವನಿಗೆ ಹೆಸರಿತ್ತು. ಅಂಥ ಶಾಖಶಾಸ್ತ್ರ ಪ್ರವೀಣನ ಸ್ವಂತ ಕಾರು ನಡುರಸ್ತೆಯಲ್ಲಿ ಉಗಿಬಂಡಿಯಾಗುವುದೆಂದರೆ ಅದು ಬರೀ ರಿಪೇರಿಯ ವಿಷಯವಲ್ಲ, ಮರ್ಯಾದೆಯ ವಿಷಯ.

ಮೊದಲ ಸಲ ಕುದಿದದ್ದು ಅಮೃತಳ ತಮ್ಮನ ಮಗುವಿನ ನಾಮಕರಣದ ದಿನ. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಗಂಗರಾಜು ಟವೆಲ್ಲಿನಿಂದ ಬಾನೆಟ್ಟಿಗೆ ಗಾಳಿ ಬೀಸಿದ (ನೋಡಿದವರಿಗೆ ಅವನು ಕಾರಿಗೆ ಚಾಮರ ಬೀಸುತ್ತಿದ್ದ ಹಾಗೆ ಕಂಡಿರಬೇಕು). ಅಮೃತ ಇಳಿದು, ಒಂದು ಹೊಂಗೆ ಮರದ ನೆರಳು ಹುಡುಕಿಕೊಂಡು, ಅಮ್ಮನಿಗೆ ಫೋನು ಮಾಡಿ, ಬರುವುದು ಆಗುವುದಿಲ್ಲ ಎಂದು ತಿಳಿಸಿ, ಕಿತ್ತಳೆ ಸುಲಿದು ತಿಂದಳು. ಎರಡನೆಯ ಸಲ, ಅನಸೂಯಮ್ಮನ ಕಣ್ಣಿನ ಆಪರೇಷನ್ ಆದಮೇಲೆ ನೋಡಲು ಹೊರಟಾಗಲೂ ಅದೇ ಕಥೆ. ನೀನು ಬಸ್ಸಿನಲ್ಲಾದರೂ ಹೋಗು ಎಂದು ಗಂಗರಾಜು ಹೇಳಿದರೆ, ಬೇಡ ಬಿಡಿ, ವಾಪಸ್ಸು ಹೋಗೋಣ ಎಂದಳು. ತವರಿನ ದಾರಿಯಲ್ಲಿ ಎರಡು ಸಲ ಅರ್ಧದಿಂದ ತಿರುಗಿದ ಹೆಂಗಸು ಒಂದು ಸಲವೂ ರೇಗಲಿಲ್ಲ. ಸಿಟ್ಟು ಅಷ್ಟು ಆಳಕ್ಕೆ ಇಳಿದಿದೆ ಎಂದು ಗಂಗರಾಜು ಹೆದರಿದ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಎಂಥ ನೋವಿಗೂ ಮುಖ ಬದಲಾಯಿಸದೆ ಇಂಜೆಕ್ಷನ್ ಚುಚ್ಚುವ ಅಭ್ಯಾಸ ಇದ್ದವಳು. ಅವಳ ಮುಖದಿಂದ ಏನನ್ನೂ ಓದುವಂತಿರಲಿಲ್ಲ.

ಮುಂದಿನ ತಿಂಗಳು ಬುದ್ಧ ಪೂರ್ಣಿಮೆ. ಊಟಕ್ಕೆ ಬರಲೇಬೇಕೆಂದು ಅನಸೂಯಮ್ಮ ಹೇಳಿಕಳಿಸಿದ್ದರು. ಮೂರನೆಯ ಸಲವೂ ಕಾರು ಕುದಿದರೆ ತಾನು ಇನ್ನು ಜನ್ಮದಲ್ಲಿ ಅತ್ತೆಯ ಮುಂದೆ ತಲೆಯೆತ್ತುವಂತಿಲ್ಲ ಎಂದು ಗಂಗರಾಜುವಿಗೆ ಖಾತ್ರಿಯಾಯಿತು.

ಶುರುವಾಯಿತು ಚಿಕಿತ್ಸೆ. ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಚೆನ್ನರಾಯಪ್ಪ ರೇಡಿಯೇಟರ್ ಕಟ್ಟಿಕೊಂಡಿದೆ ಎಂದು ತೊಳೆದು, ಹೊಸ ಕೂಲೆಂಟು ತುಂಬಿಸಿ, ಮುಚ್ಚಳ ಬದಲಾಯಿಸಿ, ಇನ್ನು ನೀವು ಕಾಶ್ಮೀರಕ್ಕೂ ಹೋಗಬಹುದು ಎಂದ. (ಕಾಶ್ಮೀರದಲ್ಲಿ ಕಾರು ಬಿಸಿಯಾಗದಿರುವುದರಲ್ಲಿ ಹೆಚ್ಚುಗಾರಿಕೆಯೇನು ಎಂದು ಗಂಗರಾಜುವಿಗೆ ಮನೆಗೆ ಬಂದಮೇಲೆ ಹೊಳೆಯಿತು.) ಮಂಚೇನಹಳ್ಳಿಯ ಕಡೆಗೆ ಒಬ್ಬನೇ ಹೋಗಿ ನೋಡಿದ. ಸಂತೆಯ ದಿನ. ಜನರ ನಡುವೆ ತೆವಳುತ್ತ ಹೋಗುವಾಗ ಸೂಜಿ ಮತ್ತೆ ಮೇಲೇರಿತು. ಶಿಡ್ಲಘಟ್ಟದ ಇನ್ನೊಬ್ಬ ಮೆಕ್ಯಾನಿಕ್ ಥರ್ಮೋಸ್ಟ್ಯಾಟ್ ಬದಲಾಯಿಸಿದ. ಸೂಜಿ ಅದಕ್ಕೂ ಸೊಪ್ಪು ಹಾಕಲಿಲ್ಲ. ಚಿಂತಾಮಣಿಯವನೊಬ್ಬ ಬಾನೆಟ್ಟು ತೆರೆಯದೆಯೇ ಇಂಜಿನ್ನಿನ ತಲೆ ಬಿಚ್ಚಬೇಕು ಎಂದ. ತಲೆ ಬಿಚ್ಚುವ ಮಾತಿಗೆ ಗಂಗರಾಜುವಿನ ತಲೆಯೇ ತಿರುಗಿ, ಗಾಡಿ ಹತ್ತಿ ವಾಪಸ್ಸು ಬಂದ. ಆ ದಾರಿಯಲ್ಲಿ ಸೂಜಿ ನಡುವಿನ ಗೆರೆ ಬಿಟ್ಟು ಅಲ್ಲಾಡಲಿಲ್ಲ.

ಅಲ್ಲಿ ಅವನ ತಲೆಗೆ ಮೊದಲ ಸಲ ಒಂದು ಯೋಚನೆ ಬಂತು. ಹುಳುವಿನ ಮನೆಯಲ್ಲಿ ಬಿಸಿಯೇರಿದರೆ ಅವನು ಮೊದಲು ಕೇಳುವ ಪ್ರಶ್ನೆ, ಎಷ್ಟು ಬಿಸಿ ಎಂದಲ್ಲ, ಯಾವಾಗ ಬಿಸಿ ಎಂದು. ಕಾರನ್ನು ಮಾತ್ರ ಅವನು ಹಾಗೆ ಕೇಳಿಯೇ ಇರಲಿಲ್ಲ. ಅಕ್ಕನ ಮನೆಗೆ ಅವನು ಹೋಗುವುದು ಒಬ್ಬನೇ, ಬೆಳಗಿನ ತಂಪಿನಲ್ಲಿ, ಖಾಲಿ ರಸ್ತೆಯಲ್ಲಿ, ಕಿಟಕಿ ತೆರೆದುಕೊಂಡು. ಅತ್ತೆಯ ಮನೆಗೆ ಹೊರಡುವುದು ಅಮೃತಳ ಡ್ಯೂಟಿ ಮುಗಿದ ಮೇಲೆ, ಸುಡುಬಿಸಿಲಲ್ಲಿ, ಏಸಿ ಹಾಕಿಕೊಂಡು, ಗುಡ್ಡದ ಏರಿನಲ್ಲಿ ಜಲ್ಲಿ ಲಾರಿಗಳ ಹಿಂದೆ ನಡೆಯುವ ವೇಗದಲ್ಲಿ. ಅಂದರೆ ಕಾರಿಗೆ ಅಕ್ಕ ಯಾರು, ಅತ್ತೆ ಯಾರು ಗೊತ್ತಿಲ್ಲ. ಓಡುವಾಗ ಎದುರುಗಾಳಿ ತಣಿಸುತ್ತದೆ. ನಿಧಾನವಾದಾಗ ಗಾಳಿ ಬೀಸಬೇಕಾದದ್ದು ಒಳಗಿನ ಫ್ಯಾನು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಚಾಲೂ ಮಾಡಿ, ಬಾನೆಟ್ಟು ಎತ್ತಿ, ಸ್ಟೂಲು ಹಾಕಿಕೊಂಡು ಕೂತ. ಸೂಜಿ ನಿಧಾನವಾಗಿ ಏರಿತು. ಫ್ಯಾನು ತಿರುಗಲಿಲ್ಲ. ಏಸಿ ಹಾಕಿದ. ಆಗಲಾದರೂ ತಿರುಗಬೇಕಿತ್ತು, ತಿರುಗಲಿಲ್ಲ. ಇಂಜಿನ್ ಆರಿಸಿ, ತಣಿಯಲು ಬಿಟ್ಟು, ಫ್ಯೂಸುಗಳ ಡಬ್ಬಿ ತೆರೆದ. ಫ್ಯಾನಿನ ಫ್ಯೂಸು ಚೆನ್ನಾಗಿತ್ತು. ಅದರ ಪಕ್ಕದಲ್ಲಿ ಕಡಲೆಮಿಠಾಯಿಯ ತುಂಡಿನಷ್ಟು ದಪ್ಪದ, ಫ್ಯಾನು ಹಾರ್ನುಗಳಿಗೆ ಕರೆಂಟು ಬಿಡುವ ಕಪ್ಪು ರಿಲೇಗಳು ಸಾಲಾಗಿ ಕೂತಿದ್ದವು. ಹಾರ್ನಿನದೂ ಫ್ಯಾನಿನದೂ ಒಂದೇ ಜಾತಿ, ಒಂದೇ ನಂಬರು. ಎರಡನ್ನೂ ಕಿತ್ತು ಅದಲುಬದಲು ಮಾಡಿ ಕೂರಿಸಿ, ಮತ್ತೆ ಇಂಜಿನ್ ಚಾಲೂ ಮಾಡಿ ಏಸಿ ಹಾಕಿದ. ಫ್ಯಾನು ಗುರ್ರೆಂದು ತಿರುಗಿತು. ಹಾರ್ನು ಒತ್ತಿ ನೋಡಿದ. ಹಾರ್ನು ಸತ್ತಿತ್ತು. ಒಂದು ಹಾರ್ನಿನ ಮರಣದಿಂದ ಇಷ್ಟು ಸಂತೋಷಪಟ್ಟ ಮನುಷ್ಯ ಆ ಬೀದಿಯಲ್ಲಿ ಹಿಂದೆ ಇರಲಿಲ್ಲ.

ಕೈಯಲ್ಲಿ ಕೆಟ್ಟ ರಿಲೇ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಗಾಳಿಯ ಸಿದ್ಧಾಂತದಿಂದ ಹಿಡಿದು ಲಾರಿಗಳ ವೇಗದವರೆಗೆ ಎಲ್ಲವನ್ನೂ ಅಮೃತಳಿಗೆ ವಿವರಿಸಿದ. ಕೊನೆಗೆ, "ತಪ್ಪು ನಂದಲ್ಲ, ಇದರದ್ದು. ಅತ್ತೆಗೆ ಹೇಳು" ಅಂದ.

ಅಮೃತ ರಿಲೇಯನ್ನು ತಿರುಗಿಸಿ ನೋಡಿದಳು. "ಪೂರ್ತಿ ಸರಿ ಹೋಯ್ತಾ?"

"ಪೂರ್ತಿ. ಹೊಸದು ಒಂದು ತಂದು ಹಾಕಿದ್ರೆ ಹಾರ್ನೂ ಸರಿಹೋಗ್ತದೆ."

"ಇನ್ನು ಬಿಸಿ ಆಗೋದೇ ಇಲ್ವಾ?"

"ಕಾದ ಬಂಡೆ ಮೇಲೆ ನಿಲ್ಸಿದ್ರೂ ಆಗಲ್ಲ."

"ಓ" ಅಂದಳು ಅಮೃತ. ಆಮೇಲೆ ಕುಕ್ಕರಿನ ಕಡೆ ತಿರುಗಿದಳು. ಇಷ್ಟು ದಿನ ನುಂಗಿಕೊಂಡ ಸಿಟ್ಟು ಇಳಿಯಲು ಸ್ವಲ್ಪ ಸಮಯ ಬೇಕಾಗುತ್ತದೆ ಎಂದು ಗಂಗರಾಜು ಸಮಾಧಾನ ಮಾಡಿಕೊಂಡ.

ಪೂರ್ಣಿಮೆಯ ದಿನ ಮಧ್ಯಾಹ್ನ, ಬಿಸಿಲು ನೆತ್ತಿ ಸೀಳುವಾಗ, ಬೇಕೆಂದೇ ಏಸಿ ಪೂರ್ತಿ ತಿರುಗಿಸಿ ಹೊರಟ. ಏರಿನಲ್ಲಿ ಜಲ್ಲಿ ಲಾರಿ ಸಿಕ್ಕಿತು. ಓವರ್‌ಟೇಕ್ ಮಾಡುವ ಜಾಗ ಇದ್ದರೂ ಮಾಡದೆ, ಅದರ ಹೊಗೆ ಕುಡಿಯುತ್ತ ಹಿಂದೆಯೇ ಹೋದ. ಸೂಜಿ ನಡುಗೆರೆಯಲ್ಲಿ ಧ್ಯಾನಕ್ಕೆ ಕೂತ ಹಾಗಿತ್ತು. ಅವನು ಅದನ್ನು ಹೆಂಡತಿಗೆ ಬೆರಳಿಟ್ಟು ತೋರಿಸಿದ. ಅವಳು, "ನೋಡ್ದೆ, ರಸ್ತೆ ನೋಡಿ" ಅಂದಳು.

ಅನಸೂಯಮ್ಮನ ಮನೆಯ ಪಡಸಾಲೆಗೆ ಕಾಲಿಟ್ಟಾಗ ಗಂಗರಾಜು ಮೊದಲು, ಹಬ್ಬಕ್ಕೆ ಬೀದಿಯನ್ನೆಲ್ಲ ಕರೆದಿದ್ದಾರೆ ಎಂದುಕೊಂಡ. ಬೀದಿ ಬಂದದ್ದು ನಿಜ, ಊಟಕ್ಕಲ್ಲ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಕವರಿನಲ್ಲಿ ರಿಪೋರ್ಟುಗಳು, ಮಾತ್ರೆಯ ಪಟ್ಟಿಗಳು. ಅಮೃತ ಚಪ್ಪಲಿ ಬಿಡುವ ಮೊದಲೇ ಅನಸೂಯಮ್ಮ ಬಿಪಿ ನೋಡುವ ಯಂತ್ರವನ್ನು ಟೀಪಾಯಿಯ ಮೇಲೆ ತಂದಿಟ್ಟರು. ಅಮೃತ ಕೂತಳು. ತೋಳಿಗೆ ಪಟ್ಟಿ ಸುತ್ತುವುದು, ಸಕ್ಕರೆಯ ರಿಪೋರ್ಟು ಓದುವುದು, ಉಪ್ಪು ಕಮ್ಮಿ ಮಾಡಿ ಎನ್ನುವುದು, ಮುಂದಿನವರನ್ನು ಕರೆಯುವುದು. ಆಸ್ಪತ್ರೆಯ ಡ್ಯೂಟಿಗೂ ಇದಕ್ಕೂ ಇದ್ದ ವ್ಯತ್ಯಾಸವೆಂದರೆ ಇಲ್ಲಿ ಶಿಫ್ಟು ಮುಗಿಯುತ್ತಿರಲಿಲ್ಲ. ಗಂಗರಾಜು ಅಳಿಯನ ಮರ್ಯಾದೆಯಿಂದ ಪಾಯಸದ ಊಟ ಮಾಡಿ, ಒಂದು ನಿದ್ದೆ ತೆಗೆದು, ಎದ್ದು ಬಂದಾಗಲೂ ಅವಳು ಅಲ್ಲೇ ಕೂತಿದ್ದಳು. ಅವಳ ಎಲೆ ಇನ್ನೂ ಹಾಕಿರಲಿಲ್ಲ.

ಇಳಿಹೊತ್ತಿನಲ್ಲಿ ಅಡುಗೆಮನೆಯಲ್ಲಿ ನಿಂತುಕೊಂಡೇ ತಣ್ಣಗಾದ ಅನ್ನ ಕಲಸುತ್ತಿದ್ದವಳ ಬಳಿಗೆ ಗಂಗರಾಜು ಹೋದ. ಪಾಪ ಅನ್ನಿಸಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು. "ಒಂದು ಹೇಳಿ. ಕಾರು ರಿಪೇರಿ ಮಾಡ್ಸಿ ಅಂತ ನಾನು ಯಾವತ್ತಾದ್ರೂ ನಿಮ್ಮನ್ನ ಕೇಳಿದ್ನಾ?"

ಗಂಗರಾಜು ನೆನಪು ಮಾಡಿಕೊಂಡ. ನಾಮಕರಣದ ದಿನ ಕೇಳಿರಲಿಲ್ಲ. ಆಪರೇಷನ್ ಆದಾಗ ಕೇಳಿರಲಿಲ್ಲ. ಆಮೇಲೂ ಕೇಳಿರಲಿಲ್ಲ.

"ಆದ್ರೆ ಅತ್ತೆ ಅಷ್ಟೊಂದು ಮಾತಾಡ್ತಿದ್ರಲ್ಲ."

"ಅವ್ರು ನಿಮ್ಮನ್ನ ತಾನೆ ಅಂತಿದ್ದಿದ್ದು. ನನ್ನನ್ನಲ್ವಲ್ಲ" ಅಂದಳು ಅಮೃತ. "ಬರಲ್ಲ ಅಂತ ಅಮ್ಮಂಗೆ ನಾನು ಹೇಳಕ್ಕಾಗ್ತದಾ? ಕಾರು ಹೇಳ್ತಿತ್ತು. ಅದನ್ನೂ ಸರಿ ಮಾಡ್ಬಿಟ್ರಿ."

ಮೂರು ಊರಿನ ಮೆಕ್ಯಾನಿಕ್ಕುಗಳು, ಸ್ಟೂಲಿನ ಮೇಲಿನ ತಪಸ್ಸು, ಕುಡಿದ ಲಾರಿ ಹೊಗೆ ಎಲ್ಲವೂ ಗಂಗರಾಜುವಿನ ಕಣ್ಣ ಮುಂದೆ ಬಂದುಹೋದವು. ನೀರು ಕುಡಿದು ಹೊರಗೆ ಬಂದ.

ಹೊರಗೆ ಕಾರಿನ ಹಿಂದಿನ ಸೀಟಿನಲ್ಲಿ ಅನಸೂಯಮ್ಮ ಆಗಲೇ ಕೂತಿದ್ದರು. ಅವರ ಎಡಕ್ಕೆ ಎದುರುಮನೆಯ ಅಕ್ಕಯಮ್ಮ, ಬಲಕ್ಕೆ ಮೂಲೆಮನೆಯ ಶ್ಯಾಮಲಮ್ಮ, ಇಬ್ಬರ ಮಡಿಲಲ್ಲೂ ಕವರು. ಹೆಂಗೂ ಕಾರು ಕುದಿಯುವುದಿಲ್ಲವಲ್ಲ, ಇವರಿಬ್ಬರನ್ನೂ ಕರೆದುಕೊಂಡು ಬಂದರೆ ಅಮೃತ ಬೆಳಿಗ್ಗೆ ತನ್ನ ಆಸ್ಪತ್ರೆಯಲ್ಲೇ ತೋರಿಸಿಬಿಡುತ್ತಾಳೆ, ರಾತ್ರಿ ನಿಮ್ಮ ಮನೆಯಲ್ಲೇ ಇರುತ್ತೇವೆ ಎಂದು ಅನಸೂಯಮ್ಮ ವಿವರಿಸಿದರು. ಅಮೃತ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ಏರಿನಲ್ಲಿ ಮತ್ತೆ ಲಾರಿ ಅಡ್ಡಬಂತು. ಐದು ಜನರ ಭಾರ, ಪೂರ್ತಿ ಏಸಿ, ಮುಂದೆ ತೆವಳುವ ಜಲ್ಲಿ. ಗಂಗರಾಜು ಓರೆಗಣ್ಣಿನಿಂದ ಸೂಜಿಯನ್ನು ನೋಡಿದ. ಒಂಚೂರು ಏರಿದರೂ ಸಾಕಿತ್ತು. ಫ್ಯಾನು ಗುರ್ರೆಂದು ತನ್ನ ಕೆಲಸ ಮಾಡುತ್ತಿತ್ತು.

ಹಿಂದಿನಿಂದ ಅನಸೂಯಮ್ಮ ಮೆಚ್ಚಿ ಮಾತಾಡಿದರು. "ಚೂಡಂಡಿ, ನೋಡ್ರಿ, ಎಷ್ಟು ತಣ್ಣಗೈತೆ. ಯಾವ ಮೆಕ್ಯಾನಿಕ್ಕಿಗೂ ಆಗ್ಲಿಲ್ಲ, ನಮ್ಮ ಅಲ್ಲುಡೇ ಸರಿ ಮಾಡಿದ್ದು."

"ಹೌದಾ?" ಅಂದರು ಅಕ್ಕಯಮ್ಮ. ಸ್ವಲ್ಪ ಮುಂದಕ್ಕೆ ಬಾಗಿ, "ನಮ್ಮ ದೊಡ್ಡೋನ ಗಾಡೀನೂ ಹಿಂಗೇ ಕುದೀತದೆ ಕಣಪ್ಪ. ಬರೋ ಭಾನುವಾರ ಬಂದಾಗ ಒಂಚೂರು ನೋಡ್ಬಿಡು."

ತಮ್ಮ ಬೋರ್‌ವೆಲ್ ಮೋಟರು ಕೂಡ ಮುಟ್ಟುವಂತಿಲ್ಲ, ಅಷ್ಟು ಬಿಸಿಯಾಗುತ್ತದೆ ಎಂದರು ಶ್ಯಾಮಲಮ್ಮ. ಬೀದಿಯ ಕೊನೆಯ ಮನೆಯವರ ಟ್ರ್ಯಾಕ್ಟರಿನದೂ ಅದೇ ಗೋಳಂತೆ.

"ಎಲ್ಲಾ ನೋಡ್ತಾನೆ ಬಿಡ್ರಿ" ಎಂದು ಅನಸೂಯಮ್ಮ ಮಾತು ಕೊಟ್ಟರು. "ಒಳಗೆ ಇವಳು ಜನ ನೋಡ್ಲಿ, ಹೊರಗೆ ಅವನು ಗಾಡಿ ನೋಡ್ಲಿ."

ಅಮೃತ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡಳು. ಅವಳ ಹೆಗಲು ಕುಲುಕುತ್ತಿದ್ದುದನ್ನು ನೋಡಿ, ಅಳುತ್ತಿದ್ದಾಳೇನೋ ಎಂದು ಗಂಗರಾಜು ಗಾಬರಿಯಾಗಿ ಬಗ್ಗಿ ನೋಡಿದ. ಆ ತಿಂಗಳಲ್ಲಿ ಮೊದಲ ಸಲ ಅವಳು ಮನಸಾರೆ ನಗುತ್ತಿದ್ದಳು.