ಪಿತ್ತಕೋಶದ ನಾಲ್ಕು ಕಲ್ಲುಗಳನ್ನು ಅನುಭವವೆಂದು ಪರಿಗಣಿಸುವ ಬಗ್ಗೆ

ಇಂದ:
ಡಾಕ್ಟರ್ ಸೊಸೆಯ ಅತ್ತೆ, ವಯಸ್ಸು ಅರವತ್ತೇಳು,
ಔಷಧಿ ಅಂಗಡಿಯ ಮೇಲಿನ ಮನೆ

ಗೆ:
ಕಾರ್ಯದರ್ಶಿಗಳು,
ಹೊರದೇಶದಲ್ಲಿ ಓದಿದ ವೈದ್ಯರ ತರಬೇತಿ ಆಯ್ಕೆ ವಿಭಾಗ

ವಿಷಯ: ನನ್ನ ಸೊಸೆಗೆ ಅನುಭವವಿದೆ ಎಂದು ರೋಗಿಯೇ ತಿಳಿಸುವ ಬಗ್ಗೆ.

ಉಲ್ಲೇಖ: "ಇಲ್ಲಿನ ಅನುಭವ ಸಾಲದು" ಎಂಬ ತಮ್ಮ ಮೂರು ಪತ್ರಗಳು, ಮೂರಕ್ಕೂ ಒಂದೇ ಒಕ್ಕಣೆ.

ಮಾನ್ಯರೇ,

೧. ನನ್ನ ಸೊಸೆ ಬೇರೆ ದೇಶದಲ್ಲಿ ಓದಿ, ಅಲ್ಲೇ ಆರು ವರ್ಷ ಡಾಕ್ಟರಾಗಿದ್ದವಳು. ಇಲ್ಲಿ ತರಬೇತಿಗೆ ಸೇರಲು ಇಲ್ಲಿನ ರೋಗಿಗಳನ್ನು ನೋಡಿರಬೇಕು. ಇಲ್ಲಿನ ರೋಗಿಗಳನ್ನು ನೋಡಲು ತರಬೇತಿಗೆ ಸೇರಿರಬೇಕು. ಈ ಕಾರಣ, ಸದ್ಯ ಕೆಳಗಿನ ಅಂಗಡಿಯಲ್ಲಿ ಔಷಧಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಾಳೆ. ಈ ಸಲವೂ ತಪ್ಪಿದರೆ ಪದವಿ ಹಳೆಯದಾಯಿತೆಂದು ಅವಳ ಕಡತ ಮುಚ್ಚುವುದಾಗಿ ತಾವೇ ಬರೆದಿದ್ದೀರಿ.

೨. ಆದ್ದರಿಂದ ತಮ್ಮ ಸಂದರ್ಶನದಲ್ಲಿ ರೋಗಿಯನ್ನು ವಿಚಾರಿಸಿ ತೋರಿಸುವ ಅಭ್ಯಾಸಕ್ಕೆ ನಾನೇ ರೋಗಿಯಾದೆ. ಕಾವ್ಯವಾಚನ ಕೇಳಿ ಬೆಳೆದ ಕಿವಿ ನನ್ನದು, ಒಂದು ಪದ ತಪ್ಪಿದರೂ ತಿಳಿಯುತ್ತದೆ. ಅವಳು ಒಂದು ಪ್ರಶ್ನೆ ಬಿಟ್ಟರೂ ಕೆಮ್ಮಿ ನೆನಪಿಸುತ್ತೇನೆ. ದೇವರ ದಯೆಯಿಂದ ಇದುವರೆಗೆ ನನಗೆ ಮೂವತ್ತೆಂಟು ಕಾಯಿಲೆಗಳಾಗಿವೆ, ಒಂದು ಹೆರಿಗೆಯೂ ಸೇರಿ. ಸುದ್ದಿ ತಿಳಿದು ಅವಳಂಥ ಇನ್ನೂ ನಾಲ್ವರು ಡಾಕ್ಟರುಗಳು ಭಾನುವಾರ ಬಂದು ಅಡುಗೆಮನೆಯ ಬೆಂಚಿನ ಮೇಲೆ ಸರದಿ ಕಾಯುತ್ತಾರೆ. ಇಷ್ಟು ಡಾಕ್ಟರುಗಳನ್ನು ಕಾಯಿಸಿದ ರೋಗಿ ಬೇರೊಬ್ಬರಿರಲಾರರು.

೩. ಕಳೆದ ತಿಂಗಳು ಅಭ್ಯಾಸದ ನಡುವೆ ಹೊಟ್ಟೆ ಹಿಡಿದುಕೊಂಡಿತು. ಈ ನೋವನ್ನು ಆಸ್ಪತ್ರೆಯ ಅರ್ಹ ವೈದ್ಯರು ಮೊದಲೇ ಎರಡು ಸಲ ಗ್ಯಾಸ್ ಎಂದು ತೀರ್ಮಾನಿಸಿದ್ದರು.

"ಅತ್ತೆ, ಇವತ್ತು ಮಂಡಿನೋವು. ಹೊಟ್ಟೆದು ನಾಳೆಗಿತ್ತು," ಎಂದಳು ಸೊಸೆ.

"ನಾಟಕ ಅಲ್ಲ ಕಣಮ್ಮ. ಇದು ನಂದೇ."

ಬಲಪಕ್ಕೆಯ ಕೆಳಗೆ ಬೆರಳೊತ್ತಿ ಉಸಿರೆಳೆಯಲು ಹೇಳಿದಳು. ಉಸಿರು ಅರ್ಧಕ್ಕೇ ನಿಂತಿತು. "ಪಿತ್ತಕೋಶ. ಏಳಿ, ಚಪ್ಪಲಿ ಹಾಕ್ಕೊಳ್ಳಿ."

ಅಂದೇ ಶಸ್ತ್ರಚಿಕಿತ್ಸೆಯಾಯಿತು. ಇನ್ನೊಂದು ದಿನ ತಡವಾಗಿದ್ದರೆ ಈ ಅರ್ಜಿಯ ತೊಂದರೆ ತಮಗಿರುತ್ತಿರಲಿಲ್ಲ.

೪. ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ 'ಕಾಯಿಲೆ ಮೊದಲು ಗುರುತಿಸಿದವರು' ಎಂಬಲ್ಲಿ 'ಮನೆಯವರು' ಎಂದು ನಮೂದಾಗಿದೆ. "ಡಾಕ್ಟರ್ ಅಂತ ಬರೀಪ್ಪ," ಎಂದೆ.

"ಇಲ್ಲಿನ ಡಾಕ್ಟರಾ ಅಜ್ಜಿ?" ಎಂದರು ಗುಮಾಸ್ತರು.

"ಹೊಟ್ಟೆ ಇಲ್ಲಿದೇ ಅಲ್ವಾ."

ಸೊಸೆ ನನ್ನ ಚೀಲದ ಜಿಪ್ಪನ್ನು ತೆಗೆಯುತ್ತಾ ಹಾಕುತ್ತಾ ನಿಂತಿದ್ದಳು.

ಆದ್ದರಿಂದ 'ಮನೆಯವರು' ಎಂಬುದನ್ನು ಹೊಡೆದು 'ವೈದ್ಯೆ' ಎಂದು ತಿದ್ದಿಸಿ, ಇದನ್ನು ಇಲ್ಲಿನ ಅನುಭವವೆಂದು ಕೊನೆಯ ದಿನವಾದ ಶುಕ್ರವಾರದೊಳಗೆ ಕಡತಕ್ಕೆ ಸೇರಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಸದ್ಯ ಗುಣಮುಖಳಾದ ರೋಗಿ

ಲಗತ್ತು:
೧. ಬಿಡುಗಡೆ ಪತ್ರ.
೨. ಕಲ್ಲುಗಳು, ನಾಲ್ಕು, ಬಾಟಲಿಯಲ್ಲಿ. (ಚೀಟಿ ಅಂಟಿಸಿದವರು: ಸೊಸೆ)

ವಿ.ಸೂ.: ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲದಿದ್ದಲ್ಲಿ, ಸದರಿ ಕಲ್ಲುಗಳನ್ನು ಮೊದಲಿದ್ದ ಜಾಗದಲ್ಲೇ ಇರಿಸಿ, ಅರ್ಹ ವೈದ್ಯರೊಬ್ಬರು ಗುರುತಿಸುವವರೆಗೆ ಕಾಯಲು ನನಗೆ ಅನುಮತಿ ನೀಡಬೇಕಾಗಿ ವಿನಂತಿ.